ಹುರುಪಿನ ಸಾಹೇಬ್ರು

ತುಂಗಭದ್ರೆಯ ಆಚೆ ದಂಡೆ ಹರಿಹರ, ದಾವಣಗೆರೆ ಜಿಲ್ಲೆ. ಈಚೆ ದಂಡೆ ಕುಮಾರಪಟ್ಟಣ, ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. 1972ರಲ್ಲಿ ಇಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಹೆಸರು ಆಚೆ ದಂಡೆಯದು, ಚಿಮಣಿ ಈಚೆ ದಂಡೆಯದು. ಲಾರಿಯಲ್ಲಿ ಬಂದ ನೀಲಗಿರಿ ಕಟ್ಟಿಗೆ ಚೂರಾಗಿ, ಬೆಂದು, ತಿರುಳಾಗಿ, ಕೊನೆಗೆ ಹತ್ತಿಯಂಥ ನಾರಾಗುವ ಊರಿದು. ಕಟ್ಟಿಗೆ ಅರಿವೆಯಾಗುವುದನ್ನು ದಿನಾ ಕಾಣುವ ಊರಿನಲ್ಲಿ, ಎಂಥ ಮನುಷ್ಯನನ್ನೂ ಚೆನ್ನಾಗಿ ಕುದಿಸಿದರೆ ಏನು ಬೇಕಾದರೂ ಮಾಡಬಹುದು ಅಂತ ನಂಬುವವರು ಒಬ್ಬರಾದರೂ ಇರಲೇಬೇಕು. ನಮ್ಮಲ್ಲಿ ಇದ್ದಾರೆ. ಊರು ಅವರಿಗಿಟ್ಟ ಹೆಸರು ಹುರುಪಿನ ಸಾಹೇಬ್ರು.

ಸಾಹೇಬ್ರು ಶಿಫ್ಟ್ ಇನ್‌ಚಾರ್ಜ್ ಆಗಿ ರಿಟೈರ್ ಆದವರು. ಯಾವ ಫ್ಯಾಕ್ಟರಿ ಎಂದು ಕೇಳಬೇಡಿ, ಫ್ಯಾಕ್ಟರಿಯದೇನೂ ತಪ್ಪಿಲ್ಲ. ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಸಂತೆಗೆ ಹೋಗುವಾಗಲೂ ಕಾಲಲ್ಲಿ ಸೇಫ್ಟಿ ಶೂ. ಬದನೆಕಾಯಿ ಬಿದ್ದು ಯಾರ ಕಾಲ್ಬೆರಳೂ ಜಜ್ಜಿದ್ದಿಲ್ಲ, ಆದರೂ ಮುಂಜಾಗ್ರತೆ. ಸರ್ವೀಸಿನಲ್ಲಿದ್ದಾಗ ಒಮ್ಮೆ ಇವರನ್ನು ಲೀಡರ್‌ಶಿಪ್ ತರಬೇತಿಗೆ ಕಳಿಸಿದ್ದರು. ಹೋಗುವಾಗ ನಮ್ಮ ನಿಮ್ಮಂತೆಯೇ ಇದ್ದವರು ಬರುವಾಗ ಒಂದು ಫೈಲು, ಒಂದು ಸರ್ಟಿಫಿಕೇಟು, ಒಂದು ಗ್ರೂಪ್ ಫೋಟೊ ಮತ್ತು ಹದ್ದಿನ ಕತೆಯೊಂದಿಗೆ ಬಂದರು. ಫೈಲನ್ನು ಇಲಿ ಕಡಿಯಿತು. ಕತೆ ಉಳಿಯಿತು.

ಹದ್ದಿನ ಕತೆ ನಿಮಗೂ ವಾಟ್ಸ್‌ಆ್ಯಪಿನಲ್ಲಿ ಬಂದಿರುತ್ತದೆ. ನಲವತ್ತು ವರ್ಷ ತುಂಬಿದ ಹದ್ದು ಬೆಟ್ಟದ ತುದಿಗೆ ಹೋಗಿ, ಕೊಕ್ಕನ್ನು ಬಂಡೆಗೆ ಕುಕ್ಕಿ ಕುಕ್ಕಿ ಮುರಿದುಕೊಂಡು, ತಿಂಗಳುಗಟ್ಟಲೆ ಕಾದು, ಹೊಸ ಕೊಕ್ಕು ಪಡೆದು ಮತ್ತೆ ಹಾರುತ್ತದಂತೆ. ಶುದ್ಧ ಸುಳ್ಳು. ಕೊಕ್ಕು ಮುರಿದುಕೊಂಡ ಹದ್ದು ಉಪವಾಸ ಸಾಯುತ್ತದೆ. ಸಾಹೇಬ್ರು ಈ ಕತೆಯನ್ನು ಮೊದಲ ಸಲ ಹೇಳಿದಾಗ ಹಿಂದೆ ನಿಂತಿದ್ದ ಫಿಟ್ಟರ್ ಒಬ್ಬ ಕೈಯೆತ್ತಿದ್ದ.

“ಸಾಹೇಬ್ರ, ಕೊಕ್ಕ ಬರೂತನಕ ಅದು ಏನ್ ತಿಂತಿತ್ರಿ?”

“ಇದ ನೋಡಪಾ, ಇದಕ್ಕ ನೆಗೆಟಿವ್ ವಿಚಾರ ಅಂತಾರ!”

ಅಂದಿನಿಂದ ಯಾರೂ ಕೇಳಿಲ್ಲ. ಹದ್ದು ಇನ್ನೂ ಹಾರುತ್ತಲೇ ಇದೆ.

ರಿಟೈರ್ ಆದ ಮೇಲೆ ಇಡೀ ಊರೇ ಇವರ ಶಿಫ್ಟಿಗೆ ಸೇರಿತು. ಮಳೆಗಾಲದ ಒಂದು ಸಂಜೆ ಓಣಿಯ ಕರೆಂಟ್ ಹೋಗಿ ಲೈನ್‌ಮನ್ ಹುಡುಗ ಕಂಬ ಹತ್ತಿದ್ದ. ಕೆಳಗೆ ಕೊಡೆ ಹಿಡಿದು ನಿಂತ ಸಾಹೇಬ್ರು ತಡೆಯಲಾರದೆ ಕೂಗಿದರು: “ತಮ್ಮಾ, ಅಂಜಬ್ಯಾಡ! ನಿನ್ನೊಳಗ ಕರೆಂಟ್ ಐತಿ!”

“ಹಂಗನ್ನಬ್ಯಾಡ್ರೀ ಸಾಹೇಬ್ರ! ತಂತ್ಯಾಗ ಬಂದ್ರ ಸಾಕ್ರಿ!”

ದೀಪಾವಳಿ ಮುಗಿಯುತ್ತಲೇ ನಮ್ಮ ಕಡೆ ಕೊಬ್ಬರಿ ಹೋರಿ ಹಬ್ಬಗಳು. ಹೋರಿಗೆ ತಿಂಗಳುಗಟ್ಟಲೆ ಹುರುಳಿ, ಹತ್ತಿಕಾಳು ತಿನ್ನಿಸಿ, ಕೆರೆಯಲ್ಲಿ ಈಜಾಡಿಸಿ, ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಬಲೂನು ರಿಬ್ಬನ್ನು ಹಚ್ಚಿ ಜನರ ನಡುವೆ ಬಿಡುತ್ತಾರೆ. ಸರ ಹರಿಯಲು ಹುಡುಗರು ಮೈಮೇಲೆ ಬೀಳುತ್ತಾರೆ. ಕೊಡದೆ ಓಡಿದ ಹೋರಿಗೆ ಹೆಸರು. ಒಂದು ವರ್ಷ ಸಂಘಟಕರ ಬುದ್ಧಿಗೆ ಏನಾಗಿತ್ತೋ, ಸಾಹೇಬ್ರ ಕೈಗೆ ಮೈಕ್ ಕೊಟ್ಟರು. ಅವರು ಹೋರಿಯ ಮಾಲೀಕನಿಗೆ ಗುರಿ, ಛಲ, ಟೀಮ್ ವರ್ಕ್ ಎಂದು ವಿವರಿಸುತ್ತ ಬೆಟ್ಟದ ತುದಿಯ ಹದ್ದಿನವರೆಗೆ ಬಂದಿದ್ದರು. ಅಷ್ಟರಲ್ಲಿ ಹಲಗೆಯ ಸದ್ದು ಕೇಳಿದ ಹೋರಿ ಕಣ ದಾಟಿ, ಬೇಲಿ ದಾಟಿ, ಕಣ್ಮರೆಯಾಯಿತು. ಸಾಹೇಬ್ರ ಭಾಷಣದ ನಡುವೆ ಎದ್ದು ಹೋದ ಜೀವ ಅದೊಂದೇ. ಉಳಿದವರು ಸಂಸಾರಸ್ಥರು.

ಅವರು ವರ್ಷವೂ ತಪ್ಪದೆ ದೇವರಗುಡ್ಡದ ಕಾರ್ಣಿಕಕ್ಕೆ ಹೋಗುತ್ತಾರೆ. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಅನ್ನುತ್ತಾನೆ. ಅಷ್ಟು ದೊಡ್ಡ ಗುಂಪು ಉಸಿರು ಬಿಗಿಹಿಡಿಯುತ್ತದೆ. ಒಂದೇ ಒಂದು ಮಾತು ಹೇಳಿ ಕೆಳಕ್ಕೆ ಬೀಳುತ್ತಾನೆ. ಆ ಒಂದು ಮಾತನ್ನು ಹಿಡಿದುಕೊಂಡು ರೈತರು, ರಾಜಕಾರಣಿಗಳು ವರ್ಷವಿಡೀ ಅರ್ಥ ಹಚ್ಚುತ್ತಾರೆ. ಇದನ್ನೆಲ್ಲ ಕಣ್ಣಾರೆ ಕಂಡು ಬಂದ ಸಾಹೇಬ್ರ ಅಭಿಪ್ರಾಯ: “ಎಲ್ಲಾ ಛಲೋ ಇತ್ತು. ಆದ್ರ ಗೊರವಯ್ಯ ಪಾಯಿಂಟ್ ಬಿಡಿಸಿ ಹೇಳಲಿಲ್ಲ ನೋಡ್ರಿ.”

ಆಗಸ್ಟ್ ಹದಿನೈದರಂದು ವಿಷಯ ಮೈಲಾರ ಮಹಾದೇವ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಈ ಹುಡುಗ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದಾಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರ ಜೊತೆ ಗುಂಡಿಗೆ ಬಲಿಯಾದರು. ಇಲ್ಲಿಯವರೆಗೆ ಸಾಹೇಬ್ರು ಹೇಳುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ, ಸುಳ್ಳೇಕೆ ಹೇಳಲಿ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಹುಡುಗರ ಕಡೆ ತಿರುಗುತ್ತಾರೆ: “ಆ ಮನಿಶಾ ಸಾಬರಮತಿಯಿಂದ ದಂಡೀತನಕ ನಡದ. ನಿಮಗ ಫಸ್ಟ್ ಶಿಫ್ಟಿಗೆ ಐದು ನಿಮಿಷ ಮೊದ್ಲ ಬರಾಕ ಆಗಂಗಿಲ್ಲೇನು?” ಜುಮ್ಮೆಂದ ಮೈ ಅಲ್ಲಿಗೆ ತಣ್ಣಗಾಗುತ್ತದೆ.

ಇಷ್ಟೆಲ್ಲ ಹೇಳಿದರೂ ಒಂದು ಮಾತು ಒಪ್ಪಬೇಕು: ಸಾಹೇಬ್ರು ಇದ್ದಲ್ಲಿ ಕೆಲಸ ಆಗುತ್ತದೆ. ನಮ್ಮ ಓಣಿಯ ಗಟಾರದ ಕೆಲಸ ತಿಂಗಳಿನಿಂದ ಕುಂಟುತ್ತಿತ್ತು. ‘ನಾಳೆ ನಾಲ್ಕು ಗಂಟೆಗೆ ಬಂದು ಕೆಲಸಗಾರರಿಗೆ ಎರಡು ಮಾತು ಹೇಳುತ್ತೇನೆ’ ಎಂದರು. ಮರುದಿನ ಮೂರೂವರೆಗೆ ಗಟಾರ ಮುಗಿದು, ಮೇಲೆ ಕಲ್ಲು ಮುಚ್ಚಿ, ಮೇಸ್ತ್ರಿ ಸಮೇತ ಎಲ್ಲರೂ ಸೇತುವೆ ದಾಟಿ ಹರಿಹರ ಸೇರಿದ್ದರು. ಎಸ್ಸೆಸ್ಸೆಲ್ಸಿ ಹುಡುಗರು ಅವರ ಗೇಟಿನ ಸದ್ದಾದರೆ ಪುಸ್ತಕ ತೆರೆಯುತ್ತಾರೆ. ಓದುವವರನ್ನು ಅವರು ಮಾತಾಡಿಸುವುದಿಲ್ಲ. ಮನೆಯಲ್ಲೂ ಅದೇ. “ನಮ್ಮ ಓಣ್ಯಾಗ ಎಲ್ಲಾರಿಗಿಂತ ಮೊದ್ಲ ರೊಟ್ಟಿ ಬಡದು ಮುಗಸಾಕಿ ನಾನ ನೋಡ್ರಿ,” ಅನ್ನುತ್ತಾರೆ ಅವರ ಮನೆಯವರು. “ಇವರು ಎದ್ದು ಬರೂದ್ರೊಳಗ ಹಂಚ ಇಳಿಸಿಬಿಡ್ತೀನಿ.”

ಆ ಹಳೆಯ ಫಿಟ್ಟರ್ ಈಗ ಮಂಡಕ್ಕಿ-ಮಿರ್ಚಿ ಅಂಗಡಿ ಇಟ್ಟಿದ್ದಾನೆ. ಸಾಹೇಬ್ರನ್ನು ಅಣಕಿಸುವುದರಲ್ಲಿ ಊರಿಗೇ ಅವನು ಮೊದಲಿಗ. ಆದರೆ ಬೇರೆಯವರು ಅಣಕಿಸಿದರೆ ಅವನಿಗೆ ಸೇರದು. ಒಮ್ಮೆ ನೈಟ್ ಶಿಫ್ಟಿನಲ್ಲಿ ಕನ್ವೇಯರ್ ಬೆಲ್ಟ್ ಹರಿದಿತ್ತಂತೆ. “ಮಷಿನ್ ಸಪ್ಪಳಕ್ಕ ಅವರ ಮಾತು ಯಾರಿಗೂ ಕೇಳ್ತಿರಲಿಲ್ರಿ. ಸುಮ್ನ ಬ್ಯಾಟರಿ ಹಿಡಕೊಂಡು ನನ್ನ ಮಗ್ಗಲಕ ಬೆಳತನಕ ನಿಂತ್ರು. ಬೇಕಾದ ಪಾನಾ ಕೈಯಾಗ ಕೊಟ್ರು. ಮುಂಜಾನೆ ಮ್ಯಾನೇಜರ್ ಬಂದ್ರ, ‘ಇಂವಾ ಮಾಡಿದ’ ಅಂತ ನನ್ನ ಹೆಸರು ಹೇಳಿದ್ರು.” ಆಮೇಲೆ ಬಾಣಲೆಗೆ ಮಿರ್ಚಿ ಬಿಡುತ್ತ, “ಸಪ್ಪಳ ನಿಂತ ಮ್ಯಾಲ ಮತ್ತ ಹದ್ದಿಂದ ಚಾಲೂ ಮಾಡಿದ್ರು ಬಿಡ್ರಿ,” ಅಂದ.

ನೀವು ಕುಮಾರಪಟ್ಟಣಕ್ಕೆ ಬಂದರೆ ದಯವಿಟ್ಟು ಬಸ್ ಸ್ಟಾಪಿನಲ್ಲಿ ಕೈಕಟ್ಟಿ ನಿಲ್ಲಬೇಡಿ. ಕೈಯಲ್ಲಿ ಪೇಪರ್ ಇರಲಿ, ಇಲ್ಲವೇ ಫೋನಿನಲ್ಲಿ ಜೋರಾಗಿ ಯಾರಿಗಾದರೂ ಲೆಕ್ಕ ಒಪ್ಪಿಸುತ್ತಿರಿ. ಸೇಫ್ಟಿ ಶೂ ಹಾಕಿದವರು ನಗುತ್ತ ಹತ್ತಿರ ಬಂದು “ಯಾವೂರ್ರಿ?” ಅಂದರೆ ಹೇಳಿಬಿಡಿ, ಒಳ್ಳೆಯ ಮನುಷ್ಯರು. “ಹದ್ದು ನೋಡೀರೇನ್ರಿ?” ಅಂದರೆ ಮಾತ್ರ, ನೋಡಿದ್ದೇನೆ ಅನ್ನಿ.