ಚಿರಂಜೀವಿಗಳ ಕಷಾಯ

ಐವತ್ತು ದಾಟಿತೆಂದರೆ ನೆಂಟರ ಕೈಯಲ್ಲಿರುವ ಚೀಲದ ಸ್ವರೂಪವೇ ಬದಲಾಗಿಬಿಡುತ್ತದೆ. ಮೊದಲು ಬಾಳೆಗೊನೆಯೋ ಕೊಬ್ಬರಿ ಮಿಠಾಯಿಯೋ ಬರುತ್ತಿತ್ತು. ಈಗ ಔಷಧಿ ಬರುತ್ತದೆ. ನಮ್ಮ ಭಾವ ಮೊನ್ನೆ ಒಂದು ಡಬ್ಬಿ ಮಾತ್ರೆ, ಒಂದು ಪೊಟ್ಟಣ ಕಾಫಿಪುಡಿ ತಂದಿಟ್ಟ. ಎರಡರಲ್ಲೂ ಇರುವುದು ಚೀನಾದ ಲಿಂಗ್‌ಝಿ ಅಣಬೆಯಂತೆ. "ಎರಡು ಸಾವಿರ ವರ್ಷದಿಂದ ಚಕ್ರವರ್ತಿಗಳು ಕುಡಿದದ್ದು ಭಾವಾ, ನಿಮ್ಮ ಮಂಡಿನೋವು ಯಾವ ಲೆಕ್ಕ!" ಎಂದ. ಕುಡಿದ ಚಕ್ರವರ್ತಿಗಳು ಈಗ ಎಲ್ಲಿದ್ದಾರಪ್ಪಾ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಊಟಕ್ಕೆ ಕೂತವನನ್ನು ಕೆಣಕಬಾರದೆಂದು ನುಂಗಿಕೊಂಡೆ. ಕಾಫಿಯನ್ನೂ ಹಾಗೆಯೇ ನುಂಗಿದೆ. ನನ್ನವಳು ಮಾತ್ರ ತನ್ನ ಪಾಲನ್ನು ಹಿತ್ತಿಲ ದಾಸವಾಳದ ಬುಡಕ್ಕೆ ಸುರಿದಳು. ಗಿಡಕ್ಕೂ ಏನೂ ಆಗಿಲ್ಲ, ನನಗೂ ಏನೂ ಆಗಿಲ್ಲ.

ಆದರೆ ಒಂದು ಉಪಕಾರವಾಯಿತು. ಮಂಡಿ ಹಿಡಿದುಕೊಂಡು ಕೂತಿರುವವನಿಗೆ ಓದುವುದಕ್ಕೊಂದು ನೆಪ ಬೇಕಲ್ಲ, ಅದು ಸಿಕ್ಕಿತು. ಲಿಂಗ್‌ಝಿ ನಾವು ಸಾರು ಮಾಡಿ ತಿನ್ನುವ ಮೆದು ಅಣಬೆಯಲ್ಲ. ಮರದಷ್ಟೇ ಗಟ್ಟಿ, ಕೆಂಪು ಕಂದು ಬಣ್ಣ, ಮೇಲೆ ಅರಗು ಹಚ್ಚಿದ ಚನ್ನಪಟ್ಟಣದ ಗೊಂಬೆಯ ಹೊಳಪು. ಹಲ್ಲು ಗಟ್ಟಿಯಿದ್ದವರೂ ಅಗಿಯಲಾರರು. ಹಾಗಾಗಿ ಚೀನಾದವರು ಅದನ್ನು ಹೋಳು ಮಾಡಿ ಹೊತ್ತುಗಟ್ಟಲೆ ಕುದಿಸಿ ಕಷಾಯ ಇಳಿಸುತ್ತಾರೆ. ಕಹಿಯೆಂದರೆ ಕಹಿ.

ಶೆನ್‌ನಾಂಗ್ ಎಂಬ ಪುರಾಣಪುರುಷನ ಹೆಸರಿನಲ್ಲಿ ಅಲ್ಲೊಂದು ಪ್ರಾಚೀನ ಔಷಧಗ್ರಂಥವಿದೆ. 365 ಮದ್ದುಗಳನ್ನು ಮೂರು ದರ್ಜೆಯಲ್ಲಿ ಕೂರಿಸಿದ್ದಾರೆ. ದೇಹವನ್ನು ಹಗುರ ಮಾಡಿ ಆಯುಸ್ಸು ಹೆಚ್ಚಿಸುವಂಥವು ಮೇಲಿನ ದರ್ಜೆ. ಬಂದ ರೋಗವನ್ನು ವಾಸಿಮಾಡುವಂಥವು ಕೆಳಗಿನ ದರ್ಜೆ. ಗ್ರಂಥ ಹೇಳುವ ಆರು ಬಣ್ಣದ ಇಂಥ ಅಣಬೆಗಳೆಲ್ಲ ಮೇಲಿನ ಪಂಕ್ತಿಯಲ್ಲಿವೆ. ಅಂದರೆ ಸಾವಿನಂಥ ದೊಡ್ಡ ವಿಷಯ ಇವುಗಳ ಖಾತೆಗೆ, ಮಂಡಿನೋವು ಮೂರನೇ ದರ್ಜೆಯ ವ್ಯವಹಾರ. ಭಾವ ತಪ್ಪು ಇಲಾಖೆಗೆ ಅರ್ಜಿ ಹಾಕಿಸಿದ್ದ!

ಕ್ರಿ.ಪೂ. 109ರಲ್ಲಿ ಹಾನ್ ವಂಶದ ವೂ ಚಕ್ರವರ್ತಿಯ ಅರಮನೆಯೊಳಗೇ ಒಂಬತ್ತು ದಂಟಿನ ಅಣಬೆಯೊಂದು ಮೂಡಿತಂತೆ. ನಮ್ಮ ಬಚ್ಚಲುಮನೆಯ ಚೌಕಟ್ಟಿನಲ್ಲಿ ಅಣಬೆ ಎದ್ದರೆ ಆಚಾರಿಗೆ ಹೇಳಿಕಳಿಸುತ್ತೇವೆ. ಅಲ್ಲಿ ದೇವರೇ ಮೆಚ್ಚಿದನೆಂದು ಹಾಡು ಕಟ್ಟಿಸಿದರು, ಕೈದಿಗಳಿಗೆ ಕ್ಷಮಾದಾನ ಕೊಟ್ಟರು. ಅರಮನೆಯ ತೊಲೆ ಕುಂಬಾಗಿರಬಹುದೆಂದು ಹೇಳುವ ಧೈರ್ಯ ಯಾವ ಮಂತ್ರಿಗಿದ್ದೀತು? ಶ್ವೇತಸರ್ಪದ ಕಥೆಯಂತೂ ಇನ್ನೂ ಸೊಗಸು. ಹೆಣ್ಣಿನ ರೂಪದಲ್ಲಿ ಸಂಸಾರ ಮಾಡಿಕೊಂಡಿದ್ದ ಹಾವು ಹಬ್ಬದ ದಿನ ಗಂಡ ಕೊಟ್ಟ ಮದ್ಯ ಕುಡಿದು ನಿಜರೂಪ ತೋರಿಸಿಬಿಡುತ್ತದೆ. ಆತ ಹೆದರಿ ಸತ್ತೇಹೋಗುತ್ತಾನೆ. ಅವಳು ದೇವತೆಗಳ ಬೆಟ್ಟಕ್ಕೆ ಹೋಗಿ, ಕಾವಲಿನವರ ಜೊತೆ ಕಾದಾಡಿ, ಲಿಂಗ್‌ಝಿ ತಂದು ಬದುಕಿಸುತ್ತಾಳೆ. ಇದನ್ನು ನನ್ನವಳಿಗೆ ಹೇಳಿದೆ. "ಕುಡಿಯೋಕೆ ಕೊಟ್ಟಿದ್ದು ಅವನು, ಓಡಾಡಿದ್ದು ಅವಳು" ಎಂದಳು. ನಾನು ಮುಂದುವರಿಸಲಿಲ್ಲ.

ಈ ಸಂಭ್ರಮದ ನಡುವೆ ನನಗೆ ಬಹಳ ಇಷ್ಟವಾದವನು ಲಿ ಶಿಝೆನ್. ಹದಿನಾರನೆಯ ಶತಮಾನದ ವೈದ್ಯ. ಜೀವಮಾನವನ್ನೆಲ್ಲ ಸವೆಸಿ ಬರೆದ ಅವನ ಬೃಹತ್ ಔಷಧಕೋಶ ಅಚ್ಚಾಗಿ ಬಂದದ್ದು 1596ರಲ್ಲಿ, ಅವನು ತೀರಿಕೊಂಡ ಮೇಲೆ. ಅಣಬೆಯ ಗುಣಗಳನ್ನೆಲ್ಲ ಶ್ರದ್ಧೆಯಿಂದ ಬರೆದವನೇ ಒಂದು ಮಾತು ಸೇರಿಸಿದ: ಇದು ಕೊಳೆತದ್ದರಿಂದ ಹುಟ್ಟುವಂಥದ್ದು, ಮನುಷ್ಯನ ಮೈಮೇಲಿನ ಗಂಟಿನ ಹಾಗೆ, ತಿಂದವರು ಅಮರರಾಗುತ್ತಾರೆ ಎನ್ನುವುದು ಶುದ್ಧ ಅಸಂಬದ್ಧ. ಭಾವನ ಡಬ್ಬಿಯ ಮೇಲೆ ಚಕ್ರವರ್ತಿಯ ಚಿತ್ರವಿದೆ, ಈ ಪುಣ್ಯಾತ್ಮನದಿಲ್ಲ.

ಕಾಡಿನಲ್ಲಿ ಅಪರೂಪವಾಗಿದ್ದದ್ದು ಕಾಫಿಪುಡಿಗೆ ಬೆರೆಸುವಷ್ಟು ಅಗ್ಗವಾದದ್ದು ಕೃಷಿಯಿಂದ. ಕಳೆದ ಶತಮಾನದ ಎಪ್ಪತ್ತರ ದಶಕದ ಹೊತ್ತಿಗೆ ಜಪಾನಿನವರೂ ಚೀನಾದವರೂ ಬೆಳೆಸುವ ವಿದ್ಯೆ ಕಲಿತರು. ಈಗ ಝೆಜಿಯಾಂಗ್ ಪ್ರಾಂತ್ಯದ ಲಾಂಗ್‌ಚ್ವಾನ್ ಕಡೆ ಮರದ ತುಂಡುಗಳ ಮೇಲೆ ಸಾಲುಸಾಲಾಗಿ ಬೆಳೆಯುತ್ತಾರೆ. ಔಷಧಿಯ ಮಾತಿಗೆ ಬಂದರೆ, ಕ್ಯಾನ್ಸರಿಗೆ ಇದು ಆದೀತೇ ಎಂದು ಕಾಕ್ರೇನ್ ಸಂಸ್ಥೆಯವರು ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದ್ದಾರೆ. ಮುಖ್ಯ ಚಿಕಿತ್ಸೆಯಾಗಿ ಕೊಡಲು ಸಾಕಷ್ಟು ಆಧಾರವಿಲ್ಲ, ಬೇಕಾದರೆ ಚಿಕಿತ್ಸೆಯ ಜೊತೆಗೆ ಪರಿಗಣಿಸಬಹುದು ಎಂಬುದು ಅವರ ತೀರ್ಮಾನ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟದಿರುವುದು ಕ್ಷೇಮ.

ತಮಾಷೆಯೆಂದರೆ ಅಡಿಕೆ ತೋಟದವರಿಗೆ ಲಿಂಗ್‌ಝಿ ಸೇರಿದ ಗ್ಯಾನೋಡರ್ಮ ಕುಲದ ಪರಿಚಯ ಬಹಳ ಹಳೆಯದು, ಕಷಾಯದ ಮೂಲಕವಲ್ಲ, ನಷ್ಟದ ಮೂಲಕ. ನಮ್ಮಲ್ಲಿ ಅಣಬೆ ರೋಗ ಅನ್ನುತ್ತಾರಲ್ಲ, ಸೋಗೆ ಹಳದಿಯಾಗಿ ಜೋತು, ಬುಡದಲ್ಲಿ ಕಂದು ರಸ ಒಸರಿ ಮರ ಸಾಯುವುದು, ಅದನ್ನು ತರುವುದು ಗ್ಯಾನೋಡರ್ಮವೇ. ಚೀನಾದ ಅಣಬೆಗೂ ನಮ್ಮ ತೋಟದ್ದಕ್ಕೂ ಪುಸ್ತಕಗಳಲ್ಲಿ ಬಹುಕಾಲ ಒಂದೇ ಹೆಸರಿತ್ತು. 2012ರಲ್ಲಷ್ಟೇ ವಿದ್ವಾಂಸರು ಚೀನಾದ್ದನ್ನು ಬೇರೆ ಪ್ರಭೇದವೆಂದು ಬೇರ್ಪಡಿಸಿದರು. ಆಯುಸ್ಸು ಕೊಡುತ್ತದೆಂದು ಚೀನಾದವರು ಹಾಡಿದ ಕುಟುಂಬ ನಮ್ಮ ಮರಗಳ ಆಯುಸ್ಸು ತಿನ್ನುತ್ತಿದೆ.

ಆದ್ದರಿಂದ ತೋಟವಿರುವ ಬಂಧುಗಳೇ, ಮರದ ಬುಡದಲ್ಲಿ ಮಿರಮಿರ ಮಿಂಚುವ ಅಣಬೆ ಕಂಡರೆ ಭಾವಂದಿರ ಮಾತು ಕೇಳಿ ಒಲೆಗೇರಿಸಬೇಡಿ. ಸತ್ತ ಮರವನ್ನು ಬೇರುಸಮೇತ ಕಿತ್ತು ಸುಡಿ, ರೋಗದ ಮರದ ಸುತ್ತ ಎರಡಡಿ ಆಳದ ಕಾಲುವೆ ತೆಗೆಯಿರಿ, ನೀರು ನಿಲ್ಲದಂತೆ ನೋಡಿಕೊಳ್ಳಿ, ಉಳಿದ ಮರಗಳಿಗೆ ಬೇವಿನ ಹಿಂಡಿ ಕೊಡಿ.