ಚಕ್ರ ಸುತ್ತುತ್ತೆ, ಕೆಲಸ ಆಗ್ತಿದ್ಯಾ?

ಬನ್ನಿ ಸರೋಜಕ್ಕ, ಬಟ್ಟೆ ಆಮೇಲೆ ಹರವಿದ್ರಾಯ್ತು. ಮಗಳ ಸ್ಕಾಲರ್‌ಶಿಪ್ ಅರ್ಜಿ ಎರಡೆರಡು ಸಲ ಹೋಯ್ತು ಅಂತ ಬೆಳಗ್ಗೆಯಿಂದ ನಿಮ್ಮನ್ನ ನೀವೇ ಬೈಕೊಳ್ತಿದೀರಂತೆ. ಇದರಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ. ಮಾರ್ಕ್ಸ್ ಕಾರ್ಡ್ ಹಾಕಿ 'ಸಲ್ಲಿಸಿ' ಒತ್ತಿದ್ರಿ, ಪುಟ ತುಟಿಪಿಟಿಕ್ ಅನ್ನಲಿಲ್ಲ. ಬೆರಳು ಸರಿಯಾಗಿ ತಾಗ್ಲಿಲ್ವೇನೋ ಅಂತ ಯಾರಾದ್ರೂ ಮತ್ತೆ ಒತ್ತೇ ಒತ್ತುತ್ತಾರೆ. ಮೊದಲನೇ ಸಲಕ್ಕೇ ಆ ಬಟನ್ ಮಂಕಾಗಿ, 'ಅರ್ಜಿ ಕಳಿಸ್ತಾ ಇದೀವಿ' ಅಂತ ಬರಬೇಕಿತ್ತು. ಅದು ಪುಟ ಬರೆದವರ ಹೊಣೆ. ನಾನೂ ದಿನಾ ಅದೇ ಕೆಲಸ ಮಾಡೋಳಾದ್ದರಿಂದ ಇಷ್ಟು ಖಡಾಖಂಡಿತವಾಗಿ ಹೇಳ್ತಿದೀನಿ.

ಕೊನೇ ದಿನ ಎಲ್ಲರೂ ಒಟ್ಟಿಗೆ ನುಗ್ಗಿದ್ರೆ ಸರ್ವರ್ ನಿಧಾನ ಆಗೋದು ಸಹಜ, ಅದನ್ನ ಯಾರೂ ದೂರಲ್ಲ. ಕೆಲಸ ಎಲ್ಲಿಗೆ ಬಂತು ಅಂತ ಹೇಳದೆ ಜನರನ್ನ ಕೂರಿಸ್ತಾರಲ್ಲ, ಅದು ನನಗೆ ಸಹಿಸಕ್ಕಾಗಲ್ಲ. ಯಾಕೋಬ್ ನೀಲ್ಸನ್ ಅನ್ನೋರು 1993ರ ತಮ್ಮ ಪುಸ್ತಕದಲ್ಲೇ ಲೆಕ್ಕ ಕೊಟ್ಟಿದಾರೆ. 0.1 ಸೆಕೆಂಡಲ್ಲಿ ಉತ್ತರ ಬಂದ್ರೆ ತಕ್ಷಣ ಆಯ್ತು ಅನ್ಸುತ್ತೆ, 1 ಸೆಕೆಂಡಿನ ತನಕ ಯೋಚನೆಯ ಎಳೆ ಕಡಿಯಲ್ಲ, 10 ದಾಟಿದ್ರೆ ಗಮನ ಬೇರೆ ಕಡೆ ಹೊರಟುಹೋಗುತ್ತೆ. ಅಷ್ಟು ಹೊತ್ತು ಹಿಡಿಯೋ ಕೆಲಸಕ್ಕೆ ಎಷ್ಟಾಯ್ತು ಅಂತ ತೋರಿಸ್ಲೇಬೇಕು.

ಏನಂದ್ರಿ, ಚಕ್ರ ಸುತ್ತುತ್ತಾ ಇತ್ತಾ? ಅಯ್ಯೋ, ಆ ಚಕ್ರಕ್ಕೂ ಸರ್ವರಿಗೂ ಸಂಬಂಧವೇ ಇಲ್ಲ ಅಕ್ಕ! ಅದು ಪುಟದ ಜೊತೆ ನಿಮ್ಮ ಮೊಬೈಲಿಗೆ ಮೊದಲೇ ಬಂದಿರೋ ಪುಟ್ಟ ಚಿತ್ರ. 'ನಿಲ್ಲು' ಅಂತ ಪುಟ ಹೇಳೋವರೆಗೂ ತನ್ನ ಪಾಡಿಗೆ ಸುತ್ತುತ್ತೆ. ಅರ್ಧ ದಾರೀಲಿ ನೆಟ್ ಹೋಗಿರಬಹುದು, ಸರ್ವರ್ ಕೈಚೆಲ್ಲಿರಬಹುದು. ತೊಂದರೆ ಆದ್ರೆ ಚಕ್ರ ನಿಲ್ಲಿಸು, ಆಗಿದ್ದೇನು ಅಂತ ಹೇಳು ಅನ್ನೋ ನಾಲ್ಕು ಸಾಲು ಬರೆಯದೇ ಬಿಟ್ಟಿದ್ರೆ, ಸತ್ತ ಕೆಲಸದ ಮುಂದೆ ಸಂಜೆವರೆಗೂ ಸುತ್ತುತ್ತಾ ಇರುತ್ತೆ. ನೀವು ಪಾಪ ಕಾಯ್ತಾ ಕೂತಿರ್ತೀರಿ.

ಸರಿಯಾಗಿ ತೋರಿಸೋದೇನು ಬ್ರಹ್ಮವಿದ್ಯೆ ಅಲ್ಲ. ಎಚ್‌ಟಿಎಂಎಲ್‌ನಲ್ಲಿ ಪ್ರೋಗ್ರೆಸ್ ಅಂತಲೇ ಒಂದು ಟ್ಯಾಗ್ ಇದೆ. ಒಟ್ಟು ಎಷ್ಟು, ಆಗಿದ್ದು ಎಷ್ಟು ಅಂತ ಎರಡು ಅಂಕಿ ಕೊಟ್ರೆ ಬ್ರೌಸರೇ ಪಟ್ಟಿ ತುಂಬಿಸಿ ತೋರಿಸುತ್ತೆ. ಆಗಿದ್ದೆಷ್ಟು ಅನ್ನೋದು ಗೊತ್ತಿಲ್ಲದಿದ್ರೆ ಆ ಅಂಕಿ ಬಿಟ್ಟುಬಿಡಬಹುದು, ಆಗ 'ನಡೀತಿದೆ, ಎಷ್ಟು ಅಂತ ಹೇಳಕ್ಕಾಗಲ್ಲ' ಅನ್ನೋ ರೂಪಕ್ಕೆ ಪಟ್ಟಿ ತಿರುಗುತ್ತೆ. ಫೈಲ್ ಕಳಿಸೋವಾಗಂತೂ ಬ್ರೌಸರಿಗೆ ಲೆಕ್ಕ ಪಕ್ಕಾ ಗೊತ್ತಿರುತ್ತೆ. ನಿಮ್ಮ ಮಾರ್ಕ್ಸ್ ಕಾರ್ಡ್ 4 ಎಂಬಿ, ಹೋಗಿದ್ದು 1 ಎಂಬಿ ಅಂದ್ರೆ ಶೇ. 25.

ಕೆಲವರು ಗಡಿಯಾರ ನೋಡ್ಕೊಂಡು ಪಟ್ಟಿ ತುಂಬಿಸ್ತಾರೆ. ಶೇ. 90ರ ತನಕ ಸರಸರ ಓಡಿ ಅಲ್ಲೇ ಠಿಕಾಣಿ ಹೂಡುತ್ತೆ. ನೀವು ಕುಕ್ಕರ್ ಕೂಗು ಎಣಿಸ್ತೀರಲ್ಲ, ಆ ಕೂಗು ಒಳಗಿನ ಆವಿಯಿಂದ ಬರೋದು. ಪಟ್ಟಿಯೂ ಹಾಗೇ, ಒಳಗೆ ಆದ ಕೆಲಸದಿಂದಲೇ ಮುಂದೆ ಹೋಗಬೇಕು. ಶೇ. 100ಕ್ಕೆ ಬಂದು ನಿಂತುಬಿಡೋದೂ ಇದೆ. ಅಲ್ಲಿ ಫೈಲ್ ಸರ್ವರಿಗೆ ಮುಟ್ಟಿರುತ್ತೆ, ಆದ್ರೆ ಅದನ್ನ ತೆರೆದು ಪರಿಶೀಲಿಸೋ ಕೆಲಸ ಇನ್ನೂ ಬಾಕಿ. 'ಫೈಲ್ ತಲುಪಿದೆ, ಪರಿಶೀಲನೆ ನಡೀತಿದೆ' ಅಂತ ಒಂದು ಸಾಲು ಹಾಕಿದ್ರೆ ಜನ ನೆಮ್ಮದಿಯಾಗಿ ಕಾಯ್ತಾರೆ. ಇನ್ನು ಪುಟದ ಸ್ಕ್ರಿಪ್ಟೇ ಒಂದೇ ಸಮ ದೊಡ್ಡ ಲೆಕ್ಕಕ್ಕೆ ಕೂತರೆ ಪಟ್ಟಿ ಬಿಡಿಸೋಕೆ ಬ್ರೌಸರಿಗೆ ಪುರಸೊತ್ತು ಸಿಗಲ್ಲ. ಆ ಲೆಕ್ಕವನ್ನ ಹಿನ್ನೆಲೆಯಲ್ಲಿ ಬೇರೆಯಾಗಿ ಓಡೋ ವೆಬ್ ವರ್ಕರಿಗೆ ವಹಿಸಬೇಕು.

ಕಾಯೋರಿಗೆ ಇಂಥ ಪಟ್ಟಿ ಬೇಕಾ ಅಂತ ಕೇಳೋರಿಗೆ ಉತ್ತರ ಸಿಕ್ಕಿ ಎಷ್ಟೋ ಕಾಲ ಆಯ್ತು. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ ಬ್ರಾಡ್ ಮೈಯರ್ಸ್ ಈ ಪಟ್ಟಿಯ ಬಗ್ಗೆ ಪರೀಕ್ಷೆ ನಡೆಸಿ 1985ರಲ್ಲಿ ಪ್ರಬಂಧ ಮಂಡಿಸಿದ್ರು. ಪಟ್ಟಿ ಇದ್ದದ್ದೇ ಜನಕ್ಕೆ ಹಿಡಿಸಿತ್ತು. ಆಗಿನ್ನೂ ವೆಬ್ಬೇ ಹುಟ್ಟಿರಲಿಲ್ಲ!

ನಿಮ್ಮ ತಮ್ಮ ಪರದೆ ಓದಿ ಹೇಳೋ ಟಾಕ್‌ಬ್ಯಾಕ್ ಹಾಕ್ಕೊಂಡು ಮೊಬೈಲ್ ಬಳಸ್ತಾನಲ್ಲ, ಅವನಿಗೆ ಈ ಚಕ್ರ ಇದ್ದೂ ಇಲ್ಲದ ಹಾಗೆ. ಎಲ್ಲಿಗೆ ಬಂತು ಅಂತ ಪುಟ ಬಾಯಿಬಿಟ್ಟು ಹೇಳಬೇಕು, ಅದಕ್ಕೂ ದಾರಿ ಇದೆ. ಹಾಗಂತ ಒಂದೊಂದು ಅಂಕಿನೂ ಓದ್ತಾ ಹೋದ್ರೆ ಕಿವಿಗೆ ಹಿಂಸೆ. ಕಾಲು ಭಾಗ, ಅರ್ಧ, ಮುಕ್ಕಾಲು, ಮುಗೀತು ಅಂದ್ರೆ ಸಾಕು ಅಂತ ನನಗನ್ಸುತ್ತೆ. ಭಾನುವಾರ ಬರ್ತಾನಾ ಅವನು? ನಾನೀಗ ಬರೀತಿರೋ ಪುಟ ಅವನ ಕೈಲಿ ಕೊಟ್ಟು ಕೇಳ್ಬೇಕು, ಅಷ್ಟು ಸಾಲುತ್ತಾ ಇಲ್ವಾ ಅಂತ.