ಟನ್ ಕಬ್ಬಿಗೂ ಮೂರೂವರೆ ಸಾವಿರ, ಕೂಸಿನ ತಿಂಗಳ ಚಾಕರಿಗೂ ಮೂರೂವರೆ ಸಾವಿರ

ಸಮೀರವಾಡಿ ಕಡೆಯ ಕಿರಾಣಿ ಅಂಗಡಿಯೊಂದರ ಬಾಗಿಲಿಗೆ ಚೀಟಿ ಅಂಟಿಸಿದ ಮಾನ್ಯ ದಂಪತಿಗೆ,

ತಮ್ಮ ಹೆಸರು, ಫೋನ್ ನಂಬರು ಚೀಟಿಯಲ್ಲಿವೆ. ಇಲ್ಲಿ ಬರೆಯುವುದಿಲ್ಲ. ಇಂಥ ಚೀಟಿ ಬರೆದವರು ತಾವಿಬ್ಬರೇ ಏನಲ್ಲ. ಮುಧೋಳ, ಜಮಖಂಡಿ, ಬೀಳಗಿ, ಬನಹಟ್ಟಿ ಕಡೆಯ ಯಾರಾದರೂ ಈ ಪತ್ರ ತಮಗೇ ಬಂದದ್ದೆಂದು ತಿಳಿದರೆ ನನ್ನ ತಕರಾರಿಲ್ಲ.

ಚೀಟಿಯನ್ನು ಇದ್ದದ್ದು ಇದ್ದಂತೆ ಓದುತ್ತೇನೆ. ‘ಎಂಟು ತಿಂಗಳ ಕೂಸು ನೋಡಿಕೊಳ್ಳಾಕ ಹೆಣ್ಣಮಗಳು ಬೇಕು. ಮುಂಜಾನೆ 8ರಿಂದ ರಾತ್ರಿ 8. ಅನುಭವ ಇರಬೇಕು. ಸ್ವಚ್ಛ ಇರಬೇಕು. ಫೋನ್ ನೋಡಬಾರದು. ಕೂಸು ಮಲಗಿದಾಗ ಅರಿವಿ, ಬಾಂಡೆ ಮಾಡಬೇಕು. ಸೂಟಿ ಇಲ್ಲ. ಪಗಾರ 3,500. ಮನೀ ಮಗಳಂಗ ನೋಡಿಕೊಳ್ಳತೀವಿ.’

ಮೊದಲು ತಮ್ಮ ಅಂಕಿಗೊಂದು ಶಹಬ್ಬಾಸ್. 2025ರ ನವೆಂಬರಿನಲ್ಲಿ ನಮ್ಮ ರೈತರು ಒಂದು ಟನ್ ಕಬ್ಬಿಗೆ ಕೇಳಿದ್ದೂ ಇದೇ 3,500. ಗುರ್ಲಾಪುರ ಕ್ರಾಸಿನಲ್ಲಿ ದಿನಗಟ್ಟಲೆ ರಸ್ತೆಯ ಮೇಲೆ ಕೂತರು. 7ನೇ ತಾರೀಖು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬೆಂಗಳೂರಿನಲ್ಲಿ ಸಭೆ ಮಾಡಿ 3,300 ಅಂದರು. ಮುಧೋಳ ಭಾಗದವರು ಜಪ್ಪಯ್ಯ ಅನ್ನಲಿಲ್ಲ. 13ರಂದು ಸಮೀರವಾಡಿಯ ಕಾರ್ಖಾನೆ ಹತ್ತಿರ ಕಬ್ಬು ತುಂಬಿದ ಟ್ರ್ಯಾಲಿಗಳು ಉರಿದು, ನಮ್ಮೂರ ಹೆಸರು ರಾಜ್ಯಕ್ಕೆಲ್ಲ ಗೊತ್ತಾಯಿತು. ಒಂದು ಟನ್ನಿಗೆ ಇನ್ನೂರು ರೂಪಾಯಿ ಹೆಚ್ಚು ಕೊಡಿ ಎಂಬ ಮಾತಿಗೆ ಇಷ್ಟೆಲ್ಲ ಆಯಿತು. ಆ ಜಗಳದಲ್ಲಿ ನಾನು ರೈತರ ಕಡೆ. ತಾವೂ ಅದೇ ಕಡೆ ಇದ್ದಿರಿ, ಹಸಿರು ಶಾಲು ಹೊದ್ದುಕೊಂಡು.

ಈಗ ತಮ್ಮ ಮನೆಯ ಹಂಗಾಮಿಗೆ ಬರೋಣ. ದಿನಕ್ಕೆ ಹನ್ನೆರಡು ತಾಸು, ಮೂವತ್ತು ದಿನ. ಒಟ್ಟು 360 ತಾಸು. ತಾವು ಕೊಡುವ ರೊಕ್ಕವನ್ನು ಭಾಗಿಸಿದರೆ ತಾಸಿಗೆ ಹತ್ತು ರೂಪಾಯಿಯೂ ಬೀಳುವುದಿಲ್ಲ. ಎಕರೆಗೆ ನಲವತ್ತು ಟನ್ ಬಂದರೆ, 3,300ರ ದರದಲ್ಲೇ ಒಂದು ಎಕರೆಯ ಬಿಲ್ಲು 1,32,000. ಆಕೆ ತಮ್ಮ ಕೂಸನ್ನು ಮೂರು ವರ್ಷ ಎತ್ತಿ ಆಡಿಸಿದರೆ ಸಿಗುವುದು 1,26,000. ಗೊಬ್ಬರ, ನೀರಿನ ಖರ್ಚು ಕಳೆಯಬೇಕು ಅನ್ನುತ್ತೀರಿ, ನಿಜ. ಆಕೆಯ ಊಟ, ಬಸ್ಸಿನ ದಾರಿ, ಸೊಂಟದ ನೋವಿನ ಗುಳಿಗೆ ಯಾವ ಲೆಕ್ಕದಲ್ಲಿ ಕಳೆಯೋಣ?

ಕಬ್ಬಿಗೆ ಎಷ್ಟೊಂದು ಕಾಯದೆಗಳಿವೆ ನೋಡಿ. 2025-26ರ ಹಂಗಾಮಿಗೆ ಕೇಂದ್ರ ಗೊತ್ತು ಮಾಡಿದ ನ್ಯಾಯಸಮ್ಮತ ಬೆಲೆ (ಎಫ್‌ಆರ್‌ಪಿ), ರಿಕವರಿ ಅಂದರೆ ಕಬ್ಬಿನಿಂದ ಇಳಿಯುವ ಸಕ್ಕರೆ ಶೇಕಡಾ 10.25 ಇದ್ದರೆ, ಕ್ವಿಂಟಲಿಗೆ 355 ರೂಪಾಯಿ. ರಿಕವರಿ ಏರಿದರೆ ದರವೂ ಏರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಪಾವತಿಯಾಗಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಕಾಟಾದ ಮೇಲೆ ಅನುಮಾನ ಬಂದರೆ ಕೂಗಾಡಲು ತಹಶೀಲ್ದಾರರಿದ್ದಾರೆ, ಮೀರಿದರೆ ಡಿಸಿ. ಕೂಸು ಹೊತ್ತವಳಿಗೆ ಯಾವ ಕಾಟಾ? ತಿಂಗಳು ಮುಗಿದ ಮೇಲೆ ‘ಕಾರ್ಖಾನಿ ಬಿಲ್ಲು ಬರಲಿ, ಕೊಡತೀವಿ’ ಎನ್ನುತ್ತೀರಿ. ಬಿಲ್ಲು ಬಂದ ಮೇಲೆ ‘ಜಾತ್ರಿ ಆಗಲಿ’. ಆ ಶೇಕಡಾ 15ರ ಬಡ್ಡಿ ಆಕೆಗೂ ಅನ್ವಯಿಸಿದರೆ ಹೆಂಗೆ? ಸುಮ್ಮನೆ ಕೇಳಿದೆ.

‘ಅದೇನು ಕೆಲಸರೀ, ಕೂಸು ನೋಡೂದು’ ಎನ್ನುವುದು ತಮ್ಮ ಇನ್ನೊಂದು ವಾದ. ಹಾಗಾದರೆ ಒಂದು ಮುಂಜಾನೆ ಬಚ್ಚಲಲ್ಲಿ ತಾವೇ ಕೂಡಿರಿ, ಸಾಹೇಬ್ರ. ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಬೇಕು. ಎಣ್ಣೆ ಹಚ್ಚಿದ ಕೂಸನ್ನು ಮೊಣಕಾಲಿನ ಕೆಳಗಿನ ಇಳಿಜಾರಿನಲ್ಲಿ ಬೋರಲು ಮಲಗಿಸಬೇಕು. ಹಂಡೆಯ ಕಾದ ನೀರಿಗೆ ತಣ್ಣೀರು ಬೆರೆಸಿ, ಮುಂಗೈ ಅದ್ದಿ ಬಿಸಿ ನೋಡಬೇಕು. ಕೂಸಿನ ಚರ್ಮ ನಮ್ಮ ಅಂಗೈಯಷ್ಟು ಗಡಸಲ್ಲ. ಬಲಗೈಲಿ ತಂಬಿಗೆ, ಎಡಗೈ ಕೂಸಿನ ಹಣೆಗೆ ಅಡ್ಡ, ಮೂಗಿಗೂ ಕಿವಿಗೂ ಹನಿ ಹೋಗದ ಹಾಗೆ. ಅದು ಜಾರುತ್ತಿರುತ್ತದೆ, ಚೀರುತ್ತಿರುತ್ತದೆ, ನಡುವೆ ಉಚ್ಚೆಯನ್ನೂ ಹೊಯ್ಯುತ್ತದೆ. ಒರೆಸಿ, ಲೋಬಾನದ ಹೊಗೆ ತೋರಿಸಿ, ಬಿಗಿಯಾಗಿ ಸುತ್ತಿ ತೊಟ್ಟಿಲಿಗೆ ಹಾಕುವ ಹೊತ್ತಿಗೆ ಆಕೆಯ ಸೀರೆ ಅರ್ಧ ತೊಯ್ದಿರುತ್ತದೆ. ಆಗ ತಾವು ಒಳಗಿಂದ ಕೂಗುತ್ತೀರಿ: ‘ಕೂಸು ಮಲಗೇತಲ್ಲ, ಬಾಂಡೆ ತಿಕ್ಕಬಾರದ?’ ಇಷ್ಟು ಕೈಚಳಕ ಇರುವ ಫಿಟ್ಟರ್‌ನನ್ನು ಬೋರ್‌ವೆಲ್ ಪಂಪಿಗೆ ಕರೆದರೆ, ಬಂದು ನೋಡಿ ಹೋಗಿದ್ದಕ್ಕೇ ಐದು ನೂರು ಕೇಳುತ್ತಾನೆ. ತಾವು ಚಹಾ ಬೇರೆ ಕುಡಿಸುತ್ತೀರಿ.

‘ಮನೀ ಮಗಳಂಗ’ ಎಂಬುದು ಚೀಟಿಯ ಅತಿ ದುಬಾರಿ ಮಾತು. ಬರೆಯುವಾಗ ತಾವು ಗಮನಿಸಿದಂತಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು. ಹಾಗಾಗಿ ಮಾತು ಉಳಿಸಿಕೊಳ್ಳುವುದಾದರೆ ಆಕೆಯ ಹೆಸರನ್ನು ಉತಾರದಲ್ಲಿ ಹಚ್ಚಿಸಬೇಕು. ಅಷ್ಟು ತ್ರಾಸು ಬೇಡ ಎನಿಸಿದರೆ, ಮಗಳು ಎನ್ನದೆ ಪಗಾರ ಸರಿಯಾಗಿ ಕೊಡುವುದೇ ಅಗ್ಗ.

ತಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು. ಕೂಸು ನೋಡುವವರಿಗೆ ಕಡಿಮೆ ಕೊಡುವುದರಲ್ಲಿ ದೊಡ್ಡ ಧಣಿ ತಾವಲ್ಲ, ಸರ್ಕಾರ. ಅಂಗನವಾಡಿ ಶುರುವಾದದ್ದು 1975ರಲ್ಲಿ. ನಮ್ಮ ರಾಜ್ಯದಲ್ಲಿ ಮೊದಲು ತಿ. ನರಸೀಪುರದಲ್ಲಿ. ಐವತ್ತು ವರ್ಷವಾದರೂ ಅಲ್ಲಿ ದುಡಿಯುವವರಿಗೆ ಪಗಾರ ಇಲ್ಲ, ಗೌರವಧನ. ಕೇಂದ್ರ 2018ರಲ್ಲಿ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ಎಂದು ಮಾಡಿತು, ಉಳಿದದ್ದನ್ನು ರಾಜ್ಯ ಸೇರಿಸಬೇಕು. 2025ರ ಬಜೆಟ್ಟಿನಲ್ಲಿ ರಾಜ್ಯ ಕಾರ್ಯಕರ್ತೆಗೆ ಸಾವಿರ, ಸಹಾಯಕಿಗೆ ಏಳುನೂರ ಐವತ್ತು ರೂಪಾಯಿ ಏರಿಸಿತು, ಅದೂ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತ ಹೆಣ್ಣುಮಕ್ಕಳ ಪುಣ್ಯದಿಂದ. ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಹೇಳಲು 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಹೀಗಿರುವಾಗ ‘ಸರ್ಕಾರ ಕೊಡದ್ದು ನಾವ್ಯಾಕ ಕೊಡೂಣು’ ಎಂದು ತಾವು ಕೇಳಿದರೆ ನನ್ನ ಬಾಯಿ ಅರೆಕ್ಷಣ ಕಟ್ಟುತ್ತದೆ.

ಅರೆಕ್ಷಣ ಮಾತ್ರ. ಅದೇ ಸರ್ಕಾರ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ತೆರೆಯಿತು. 2023ರ ಬಜೆಟ್ಟಿನಲ್ಲಿ ನಾಲ್ಕು ಸಾವಿರ ಪಂಚಾಯಿತಿಗಳಿಗೆ ಎಂದು ಹೇಳಿತ್ತು. ಅಲ್ಲಿ ಕೂಸು ನೋಡುವವರಿಗೆ ಗೊತ್ತು ಮಾಡಿದ್ದು ನರೇಗಾ ಕೂಲಿ. 2025-26ರಲ್ಲಿ ಅದು ದಿನಕ್ಕೆ 370 ರೂಪಾಯಿ ಇತ್ತು. ತಮ್ಮ ತಿಂಗಳ ಪಗಾರ ಅಲ್ಲಿನ ಒಂಬತ್ತೂವರೆ ದಿನದ ಕೂಲಿ. ವಾರಕ್ಕೊಂದು ಸೂಟಿ ಕೊಟ್ಟು 26 ದಿನ ಹಿಡಿದರೂ 9,620 ಆಗುತ್ತದೆ, ಅದೂ ಬಾಂಡೆ ಬಿಟ್ಟು. ಮನೆಗೆಲಸದವರಿಗೆ ಕನಿಷ್ಠ ವೇತನವೆಂದು ನಮ್ಮ ರಾಜ್ಯ 2004ರಲ್ಲೇ ಅಧಿಸೂಚನೆ ಹೊರಡಿಸಿದೆ. ಆದರೆ ಕಾರ್ಖಾನೆಯ ಗೇಟಿಗೆ ಬರುವ ಇನ್‌ಸ್ಪೆಕ್ಟರ್ ತಮ್ಮ ಪಡಸಾಲೆಗೆ ಬರುವುದಿಲ್ಲ, ಹಾಗಾಗಿ ಆ ಕಾಗದ ತಮ್ಮ ನಿದ್ದೆ ಕೆಡಿಸಿಲ್ಲ. 2025ರಲ್ಲಿ ತಯಾರಾದ ಮನೆಗೆಲಸದವರ ಸಾಮಾಜಿಕ ಭದ್ರತೆಯ ಮಸೂದೆಯ ಕರಡಿನಲ್ಲಿ ಪಗಾರದ ಶೇಕಡಾ 5ರವರೆಗೆ ಕಲ್ಯಾಣ ಶುಲ್ಕದ ಮಾತಿತ್ತು. ತಮಗೆ ಹೆದರಿಕೆ ಬೇಡ. 3,500ಕ್ಕೆ ಅದು 175 ರೂಪಾಯಿ.

ಚೀಟಿಯ ಕೆಳಗೆ ಪೆನ್ನಿನಿಂದ ಬೇರೆ ಸೇರಿಸಿದ್ದೀರಿ: ‘ಸಣ್ಣ ಹುಡುಗಿ ಆದರೂ ನಡೀತದ.’ ಇಲ್ಲಿ ನಾನು ನಗುವುದಿಲ್ಲ. ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧ. ಆ ಸಾಲನ್ನು ಹೊಡೆದುಹಾಕಿ.

ಇನ್ನು, ತಮ್ಮ ಕೂಸಿಗೆ ಬಂದವಳ ಕೂಸು ಎಲ್ಲಿರುತ್ತದೆ ಎಂದು ತಾವು ಕೇಳಿಲ್ಲ, ಕೇಳುವ ಜರೂರತ್ತೂ ತಮಗೆ ಬಿದ್ದಿಲ್ಲ. ಹಂಗಾಮಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ಕಟಾವಿನ ಗ್ಯಾಂಗುಗಳು ಬಂದಾಗ, ಬದುವಿನ ಮರಕ್ಕೆ ಹಳೇ ಸೀರೆಯ ಜೋಳಿಗೆ ಕಟ್ಟಿ, ಅದರಲ್ಲಿ ಕೂಸು ಮಲಗಿಸಿ, ತಾಯಿ ಕುಡುಗೋಲು ಹಿಡಿದು ಸಾಲಿಗೆ ಇಳಿಯುವುದನ್ನು ಈ ರಸ್ತೆಯಲ್ಲಿ ಓಡಾಡುವ ಎಲ್ಲರೂ ನೋಡಿರುತ್ತೇವೆ. ಜೋಳಿಗೆ ತೂಗುವುದು ಆರೇಳು ವರ್ಷದ ಅಕ್ಕ. ಆಕೆ ಶಾಲೆಯಲ್ಲಿರಬೇಕು. ತಮ್ಮ ಮನೆಗೆ ಬರುವವಳ ಮನೆಯಲ್ಲೂ ಹಾಗೇ ಒಬ್ಬಳು ಅಕ್ಕ ಇರುತ್ತಾಳೆ. 3,500 ರೂಪಾಯಿಯಲ್ಲಿ ತನ್ನ ಕೂಸಿಗೆ ಇನ್ನೊಬ್ಬಳನ್ನು ಇಡಲು ಆಕೆಗೆ ಆಗುವುದಿಲ್ಲವಲ್ಲ.

ನಿಜವಾಗಿಯೂ ಕೈಯಲ್ಲಿ ರೊಕ್ಕ ಇಲ್ಲದವರೂ ಇದ್ದಾರೆ. ಇಬ್ಬರೂ ದುಡಿದು ಇಪ್ಪತ್ತು ಸಾವಿರ ತರುವ ಮನೆ ಹತ್ತು ಸಾವಿರ ಆಯಾಗೆ ಎಲ್ಲಿಂದ ಕೊಟ್ಟೀತು? ಅಂಥವರು ಅಗ್ಗದ ಆಯಾ ಹುಡುಕುವ ಬದಲು ತಾಸು ಕಡಿಮೆ ಮಾಡಲಿ, ಓಣಿಯ ಎರಡು ಮನೆ ಸೇರಿ ಒಬ್ಬರನ್ನು ಇಟ್ಟುಕೊಳ್ಳಲಿ, ಪಂಚಾಯಿತಿಗೆ ಹೋಗಿ ಕೂಸಿನ ಮನೆಯ ಬಾಗಿಲು ದಿನಾ ಯಾಕೆ ತೆರೆಯುವುದಿಲ್ಲ ಎಂದು ಜಗಳಾಡಲಿ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಜಾಗವಾದರೆ, ಶಿಶುಪಾಲನಾ ಕೇಂದ್ರ ಕೇಳುವ ಹಕ್ಕಿದೆ, 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಿಂದ ಬಂದದ್ದು. ತಮ್ಮ ಮನೆಯ ಮುಂದೆ ನಿಂತ ಹೊಸ ಬಿಳಿ ಕಾರು ನೋಡಿದರೆ, ಈ ಮಾತು ತಮಗಲ್ಲ ಎನಿಸುತ್ತದೆ.

ಹೊಸ ಚೀಟಿಯ ಒಕ್ಕಣೆ ನಾನೇ ಬರೆದು ಕೊಡುತ್ತೇನೆ: ದಿನಕ್ಕೆ ಎಂಟು ತಾಸು, ಕೂಸಿನ ಕೆಲಸ ಮಾತ್ರ, ರವಿವಾರ ಸೂಟಿ, ತಿಂಗಳ ಒಂದನೇ ತಾರೀಖು ಹತ್ತು ಸಾವಿರ ಕೈಗೆ. ಈ ಒಕ್ಕಣೆಗೆ ಬರುವ, ಕೆಲಸ ಬಲ್ಲ ಹೆಣ್ಣುಮಕ್ಕಳು ಮಹಾಲಿಂಗಪುರದಿಂದ ಸಮೀರವಾಡಿವರೆಗೆ ಬೇಕಾದಷ್ಟು ಇದ್ದಾರೆ. ಮೂರೂವರೆ ಸಾವಿರಕ್ಕೆ ಯಾರೂ ಇಲ್ಲ.

ಇತಿ,
ಅದೇ ಅಂಗಡಿಯಲ್ಲಿ ಸಕ್ಕರೆ ಕೊಳ್ಳುವ ಒಬ್ಬ ಗಿರಾಕಿ